ಕುರಿ ಕಚ್ಚಿದರೆ ನಗು ಬರುವುದೇಕೆ?

ಈ ವರ್ಷದ ಕಾಲೇಜ್ ಡೇಗೆ ನಮ್ಮ ಕಾಮರ್ಸ್ ವಿಭಾಗದಿಂದ 10 ನಿಮಿಷದ ಕಾಮಿಡಿ ಸ್ಕಿಟ್ ಮಾಡುವುದೆಂದು ತೀರ್ಮಾನವಾದಾಗ ಮೊದಲು ಹೊಳೆದದ್ದು ಕುರಿಯ ಕಥೆ ಅಲ್ಲ, ಆನೆಯ ಕಥೆ. ಕಾಫಿ ತೋಟಕ್ಕೆ ಆನೆ ನುಗ್ಗುತ್ತದೆ, ರೈಟರ್ ಹೆದರಿ ಸಿಲ್ವರ್ ಮರ ಹತ್ತುತ್ತಾನೆ, ಆನೆ ಕೆಳಗೆ ಬಿದ್ದ ಅವನ ಮೊಬೈಲ್ ಎತ್ತಿಕೊಂಡು ಸೆಲ್ಫಿ ತೆಗೆಯುತ್ತದೆ. ಹಿಂದಿನ ಬೆಂಚಿನವರು ಇದನ್ನು ಹೇಳಿ ಮುಗಿಸುವ ಮೊದಲೇ ಕ್ಲಾಸೆಲ್ಲ ನಗುತ್ತಿತ್ತು. ಯಸಳೂರು ಕಡೆಯಿಂದ ಬರುವ ಒಬ್ಬಳು ಮಾತ್ರ ನಗಲಿಲ್ಲ. "ನಮ್ಮ ದೊಡ್ಡಪ್ಪನ್ನ ಆನೆ ತುಳಿದಿದ್ದು. ನೀವು ಮಾಡಿ, ಬೇಡ ಅನ್ನಲ್ಲ. ನಾನು ಅವತ್ತು ಬರಲ್ಲ ಅಷ್ಟೇ," ಎಂದಳು. ಆಮೇಲೆ ಯಾರೂ ಮಾತಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

ಎರಡು ದಿನ ಬಿಟ್ಟು ನಾನು, "ಆನೆ ಬೇಡ, ಕುರಿ ಇಡೋಣ. ಮನುಷ್ಯರನ್ನು ಕಚ್ಚಿ ತಿನ್ನುವ ಕುರಿ," ಎಂದೆ. ಮತ್ತೆ ಎಲ್ಲರೂ ನಕ್ಕರು. ಈ ಸಲ ಅವಳೂ ನಕ್ಕಳು.

ಪ್ರಾಣಿ ಮನುಷ್ಯನನ್ನು ಕೊಲ್ಲುತ್ತದೆ ಎಂಬುದು ಎರಡು ಕಥೆಯಲ್ಲೂ ಒಂದೇ. ಒಂದಕ್ಕೆ ಕ್ಲಾಸು ಸುಮ್ಮನಾಯಿತು, ಇನ್ನೊಂದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇದು ಯಾಕೆ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ನ್ಯೂಸ್‌ಲೆಟರ್‌ಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಡಂ ಕೇಳಿದಾಗ ಇದನ್ನೇ ಬರೆಯುತ್ತೇನೆ ಎಂದೆ.

ಕುರಿಯ ಐಡಿಯಾ ನನ್ನ ಸ್ವಂತದ್ದಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಹಾಸನದಲ್ಲಿ ಓದುವ ನನ್ನ ಚಾಚಾನ ಮಗ ರಜೆಯಲ್ಲಿ ಬಂದಿದ್ದಾಗ ಲ್ಯಾಪ್‌ಟಾಪಿನಲ್ಲಿ 'ಬ್ಲ್ಯಾಕ್ ಶೀಪ್' ಎಂಬ ನ್ಯೂಜಿಲೆಂಡ್ ಸಿನಿಮಾ ತೋರಿಸಿದ್ದ. 2006ರ ಚಿತ್ರ, ನಿರ್ದೇಶಕ ಜೊನಾಥನ್ ಕಿಂಗ್. (ಎಲ್ಲ ದೃಶ್ಯಗಳೂ ಮನೆಯವರ ಜೊತೆ ಕೂತು ನೋಡುವಂಥವಲ್ಲ. ನಾವೂ ನಡುನಡುವೆ ಓಡಿಸಿಕೊಂಡೇ ನೋಡಿದೆವು.) ಕಥೆ ಹೀಗಿದೆ. ಹೆನ್ರಿ ಮತ್ತು ಆಂಗಸ್ ಅಣ್ಣ ತಮ್ಮಂದಿರು, ಕುರಿ ಸಾಕುವ ದೊಡ್ಡ ಫಾರಂನವರು. ಹೆನ್ರಿಗೆ ಒಂದು ಮುದ್ದಿನ ಕುರಿ ಇರುತ್ತದೆ. ಅಣ್ಣ ಆಂಗಸ್ ಹೊಟ್ಟೆಕಿಚ್ಚಿನಿಂದ ಅದನ್ನು ಕೊಂದು, ಅದರ ಚರ್ಮವನ್ನೇ ಹೊದ್ದುಕೊಂಡು ತಮ್ಮನನ್ನು ಹೆದರಿಸುತ್ತಾನೆ. ಅದೇ ಗಳಿಗೆಯಲ್ಲಿ ಅಪ್ಪ ಅಪಘಾತದಲ್ಲಿ ಸತ್ತ ಸುದ್ದಿ ಬರುತ್ತದೆ. ಅಂದಿನಿಂದ ಹೆನ್ರಿಗೆ ಕುರಿ ಕಂಡರೆ ನಡುಕ. 15 ವರ್ಷ ಪಟ್ಟಣದಲ್ಲಿದ್ದು, ತನ್ನ ಪಾಲನ್ನು ಅಣ್ಣನಿಗೇ ಮಾರಿಬಿಡೋಣ ಎಂದು ಊರಿಗೆ ಬರುತ್ತಾನೆ. ಅಷ್ಟರಲ್ಲಿ ಆಂಗಸ್ ವಿಜ್ಞಾನಿಗಳನ್ನು ಇಟ್ಟುಕೊಂಡು ಕುರಿಯ ಜೀನ್ ತಿದ್ದಿ ಹೊಸ ತಳಿ ಮಾಡಿಸುತ್ತಿರುತ್ತಾನೆ. ಪರಿಸರ ಹೋರಾಟದ ಇಬ್ಬರು ಬಂದು, ಪ್ರಯೋಗ ಕೆಟ್ಟು ಹುಟ್ಟಿದ ಒಂದು ಮರಿಯನ್ನು ಜಾರ್ ಸಮೇತ ಕದಿಯುತ್ತಾರೆ. ಜಾರ್ ಒಡೆಯುತ್ತದೆ, ಮರಿ ಕಚ್ಚುತ್ತದೆ, ಅಲ್ಲಿಗೆ ಗುಡ್ಡದ ಕುರಿಗಳೆಲ್ಲ ಮಾಂಸಾಹಾರಿ. ಕಚ್ಚಿಸಿಕೊಂಡ ಮನುಷ್ಯನೂ ನಿಧಾನಕ್ಕೆ ಕುರಿಯಾಗುತ್ತಾನೆ!

ಇದರಲ್ಲಿ ಹೆದರುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಹೆದರಿಕೆ ಇಲ್ಲದಿರುವುದೇ ಅದರ ಬಂಡವಾಳ. ಸಿನಿಮಾದಲ್ಲಿ ಹಸಿರು ಗುಡ್ಡ, ಅದರ ಮೇಲೆ ಸಾಲಾಗಿ ನಿಂತ ಬಿಳಿ ಕುರಿಗಳು. ಕ್ಯಾಮೆರಾ ಸುಮ್ಮನೆ ನೋಡುತ್ತದೆ, ಅವೂ ಸುಮ್ಮನೆ ನೋಡುತ್ತವೆ. ಹಿನ್ನೆಲೆ ಸಂಗೀತ ಮಾತ್ರ ದೆವ್ವದ ಸಿನಿಮಾದ್ದು. ಸಂಗೀತ ಒಂದು ಹೇಳುತ್ತದೆ, ಕುರಿಯ ಮುಖ ಇನ್ನೊಂದು ಹೇಳುತ್ತದೆ. ಆ ಎರಡರ ನಡುವೆ ಸಿಕ್ಕಿಕೊಂಡ ನಮಗೆ ಅಲ್ಲೇ ನಗು ಬರುತ್ತದೆ. ಈ ಕುರಿಗಳಲ್ಲಿ ಕೆಲವು ನಿಜವಾದವು, ಕೆಲವು ಗೊಂಬೆಗಳು, ಕೆಲವು ಕುರಿ ವೇಷ ಹಾಕಿದ ಮನುಷ್ಯರು. ಇವನ್ನು ಮಾಡಿದ್ದು 'ಲಾರ್ಡ್ ಆಫ್ ದ ರಿಂಗ್ಸ್' ಚಿತ್ರಗಳಿಗೆ ರಾಕ್ಷಸರನ್ನೂ ಯುದ್ಧದ ಸಾಮಾನನ್ನೂ ಮಾಡಿಕೊಟ್ಟ ವೇಟಾ ವರ್ಕ್‌ಶಾಪ್ ಎಂಬ ನ್ಯೂಜಿಲೆಂಡ್ ಸಂಸ್ಥೆ. ಜಗತ್ತೇ ಮೆಚ್ಚಿದ ಕೆಲಸಗಾರರು ಕೂತು ಅಷ್ಟೇ ಶ್ರದ್ಧೆಯಿಂದ ಕುರಿಯ ಹಲ್ಲು ಮಾಡಿದ್ದಾರೆ ಎಂಬುದೇ ನನಗೆ ಅರ್ಧ ಜೋಕು.

ಇಂಥ ಸಿನಿಮಾ ನ್ಯೂಜಿಲೆಂಡಿನಲ್ಲೇ ಹುಟ್ಟಿದ್ದು ಯಾಕೆ ಎನ್ನುವುದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. 1982ರಲ್ಲಿ ಆ ದೇಶದಲ್ಲಿ ಸುಮಾರು 7 ಕೋಟಿ ಕುರಿಗಳಿದ್ದವು, ಜನ 32 ಲಕ್ಷದ ಆಸುಪಾಸು. ತಲೆಗೆ 20ಕ್ಕಿಂತ ಹೆಚ್ಚು ಕುರಿ. ಸಿನಿಮಾ ಬಂದ 2006ರ ಹೊತ್ತಿಗೆ ಕಡಿಮೆಯಾಗಿ ಸುಮಾರು 4 ಕೋಟಿಗೆ ಇಳಿದಿದ್ದರೂ ತಲೆಗೆ ಹತ್ತರ ಹತ್ತಿರ ಬರುತ್ತದೆ. ಅವೆಲ್ಲ ಸೇರಿ ಒಂದು ದಿನ ತಿರುಗಿ ಬಿದ್ದರೆ? ಅಲ್ಲಿನವರ ಮನಸ್ಸಿನಲ್ಲಿ ಈ ಪ್ರಶ್ನೆ ಬಾರದಿದ್ದರೇ ಆಶ್ಚರ್ಯ. ನಮ್ಮ ಕರ್ನಾಟಕದಲ್ಲಿ 2019ರ ಜಾನುವಾರು ಗಣತಿಯ ಪ್ರಕಾರ ಸುಮಾರು 1 ಕೋಟಿ 10 ಲಕ್ಷ ಕುರಿಗಳಿವೆ. ನಮ್ಮ ಜಿಲ್ಲೆಯ ಹೆಸರಿನಲ್ಲೇ 'ಹಾಸನ' ಎಂಬ ಕುರಿ ತಳಿಯೂ ಇದೆ. ಆದರೆ ಇಲ್ಲಿ ಕುರಿಗಿಂತ ಜನ ಜಾಸ್ತಿ. ತಿರುಗಿ ಬಿದ್ದರೆ ನಾವೇ ಗೆಲ್ಲುತ್ತೇವೆ.

ಜೀನ್ ವಿಷಯವೂ ಸುಮ್ಮನೆ ಬಂದಿದ್ದಲ್ಲ. ಸ್ಕಾಟ್ಲೆಂಡಿನಲ್ಲಿ ತದ್ರೂಪಿ ಕುರಿ ಡಾಲಿ ಹುಟ್ಟಿದ್ದು 1996ರಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ, 2000ರಲ್ಲಿ, ನ್ಯೂಜಿಲೆಂಡ್ ಸರ್ಕಾರ ಜೀನ್ ಬದಲಾವಣೆಯ ಬಗ್ಗೆ ವಿಚಾರಣೆಗೆ ದೊಡ್ಡ ಆಯೋಗವನ್ನೇ ನೇಮಿಸಿತ್ತು. ಜನರಲ್ಲಿ ನಿಜವಾದ ಅಂಜಿಕೆ ಇತ್ತು. ಸಿನಿಮಾದಲ್ಲಿ ಆಂಗಸ್ ಹೊಸ ಕುರಿಯನ್ನು ತೋರಿಸಲು ಹಣ ಹಾಕುವವರನ್ನು ಕರೆದು, ಶಾಮಿಯಾನ ಹಾಕಿಸಿ, ಭಾಷಣ ಮಾಡುತ್ತಾನೆ. ಅಲ್ಲೇ ಗುಡ್ಡದಿಂದ ಹಿಂಡು ಇಳಿದು ಬರುತ್ತದೆ. ನಾನು ಕಾಮರ್ಸ್ ವಿದ್ಯಾರ್ಥಿಯಾದ್ದರಿಂದ ನನಗೆ ಅತಿ ಇಷ್ಟವಾದದ್ದು ಇದೇ ದೃಶ್ಯ. ಕುರಿ ಕೋಳಿ ದನಗಳನ್ನು ಕಂಪನಿಗಳು 'ಜೈವಿಕ ಆಸ್ತಿ' ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅದಕ್ಕೆ ಇಂಡ್ ಎಎಸ್ 41 ಎಂಬ ಪ್ರತ್ಯೇಕ ನಿಯಮವೇ ಇದೆ ಎಂದು ಅಕೌಂಟೆನ್ಸಿ ಸರ್ ಒಮ್ಮೆ ಪಾಠದ ನಡುವೆ ಹೇಳಿದ್ದರು. ಮಾರುಕಟ್ಟೆ ಬೆಲೆಯಲ್ಲಿ ಮಾರುವ ಖರ್ಚು ಕಳೆದು ಬರೆಯಬೇಕಂತೆ. ಆಸ್ತಿಯೇ ಮಾಲೀಕನನ್ನು ಕಚ್ಚಿದರೆ ಯಾವ ಕಾಲಂನಲ್ಲಿ ಬರೆಯುವುದು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೊರಗೆ ನಿಲ್ಲಿಸುತ್ತಿದ್ದರು.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ಬಕ್ರೀದ್‌ಗೆ ಎರಡು ತಿಂಗಳು ಇರುವಾಗಲೇ ಅಬ್ಬಾ ಒಂದು ಟಗರು ತಂದಿದ್ದರು. ಮೊದಲೇ ತಂದರೆ ರೇಟು ಕಡಿಮೆ, ಮೇಯಿಸಿದರೆ ತೂಕ ಬರುತ್ತದೆ ಎಂಬುದು ಲೆಕ್ಕ. ನನಗೆ, ತಂಗಿಗೆ ಅದು ನಾಯಿಯ ಹಾಗೆ ಹಿಂದೆ ಹಿಂದೆ ಬರುತ್ತಿತ್ತು. ಚಾಚಾನನ್ನು ಕಂಡರೆ ಮಾತ್ರ ಆಗುತ್ತಿರಲಿಲ್ಲ. ಟಗರು ಹಾಯುವ ಮೊದಲು ಹಿಂದಕ್ಕೆ ಸರಿಯುತ್ತದೆ. ಇದು ಗೊತ್ತಿಲ್ಲದ ಚಾಚಾ ಒಂದು ದಿನ ಅದು ನಾಲ್ಕು ಹೆಜ್ಜೆ ಹಿಂದೆ ಹೋದದ್ದನ್ನು ನೋಡಿ, "ನೋಡು, ನನ್ನ ಕಂಡ್ರೆ ಹೆಂಗೆ ಹೆದರ್ತದೆ," ಎಂದರು. ಮರುಕ್ಷಣ ಅವರು ಗೂಡ್ಸ್ ಆಟೋದ ಹಿಂಭಾಗದಲ್ಲಿ ನಿಂತಿದ್ದರು. ಹೇಗೆ ಹತ್ತಿದರೋ ನಮಗೂ ಕಾಣಲಿಲ್ಲ, ಅವರಿಗೂ ಗೊತ್ತಿಲ್ಲ. ಟಗರು ಆಟೋದ ಡೋರಿಗೆ ಗುದ್ದಿ ಡೆಂಟ್ ಮಾಡಿತು. ಆ ಡೆಂಟ್ ಈಗಲೂ ಇದೆ. ಚಾಚಾ ಮೇಲಿನಿಂದ ಬೈಯುತ್ತಿದ್ದರೆ ದಾದಿ ಬಾಗಿಲಲ್ಲಿ ನಿಂತು, "ಜಾನ್ವರ್ ಕು ಗಾಲಿಯಾಂ ನಕ್ಕೋ ದೇ," ಎಂದು ಮಗನನ್ನೇ ಗದರಿದರು. ಪ್ರಾಣಿಯನ್ನು ಬೈಯಬೇಡ ಎಂದು. ನಾವು ಅಷ್ಟು ನಕ್ಕಿದ್ದು ಆಮೇಲೆ ಇಲ್ಲ.

ಟಗರಿನ ಗುದ್ದು ಎದೆಗೆ ಬಿದ್ದರೆ ಪಕ್ಕೆಲುಬು ಮುರಿಯಬಹುದು ಎಂಬುದು ನಗುವಾಗ ನೆನಪಿರಲಿಲ್ಲ. ಬಕ್ರೀದ್ ದಿನ ಅದೇ ಟಗರಿಗಾಗಿ ತಂಗಿ ಅತ್ತಳು. ನಾನು ಹಿತ್ತಲಿಗೆ ಹೋಗಿ ನಿಂತೆ. ದಾದಿ, "ಸಾಕಿದ ಮೇಲೆ ಮನಸ್ಸಿಗೆ ಆಗಲೇಬೇಕು ಬೇಟಾ. ಆಗದಿದ್ದರೆ ಕುರ್ಬಾನಿ ಏನು?" ಎಂದರು. 'ಬ್ಲ್ಯಾಕ್ ಶೀಪ್' ನೋಡುವಾಗ ನನಗೆ ಇದೇ ನೆನಪಾಯಿತು. ಸಾಕಿದ ಪ್ರಾಣಿಯ ಹತ್ತಿರ ನಮಗೊಂದು ಬಾಕಿ ಇದೆ, ಅದು ನಮಗೆ ಗೊತ್ತಿದೆ. ಎಷ್ಟೋ ವರ್ಷದಿಂದ ನಾವು ತಿಂದಿದ್ದೇವೆ. ಅವು ಒಂದು ಸಂಜೆ ಸಾಲ ವಸೂಲಿಗೆ ಬಂದಂತೆ ಗುಡ್ಡ ಇಳಿದು ಬಂದರೆ, ಬೇಡ ಎನ್ನಲು ನಮ್ಮ ಬಳಿ ನ್ಯಾಯವಾದ ಮಾತಿಲ್ಲ. ಅದಕ್ಕೇ ಆ ನಗುವಿನಲ್ಲಿ ಸ್ವಲ್ಪ ಕಸಿವಿಸಿ ಇರುತ್ತದೆ. ಹುಲಿ ಸಿನಿಮಾ ನೋಡುವಾಗ ಈ ಕಸಿವಿಸಿ ಬರುವುದಿಲ್ಲ, ಹುಲಿಗೆ ನಾವು ಏನೂ ಕೊಡಬೇಕಾಗಿಲ್ಲ.

ಇಂಥ ಸಿನಿಮಾಗಳ ಧಾಟಿಗೆ ಇಂಗ್ಲಿಷಿನಲ್ಲಿ ಕ್ಯಾಂಪ್ ಎನ್ನುತ್ತಾರೆ (ಎನ್‌ಎಸ್‌ಎಸ್ ಕ್ಯಾಂಪ್ ಅಲ್ಲ). ಅತಿ ಆಯಿತು ಎಂದು ಗೊತ್ತಿದ್ದೂ, ಮುಖ ಗಂಭೀರ ಮಾಡಿಕೊಂಡು ಇನ್ನಷ್ಟು ಅತಿ ಮಾಡುವುದು. ಮಾಡುವವರಿಗೂ ಗೊತ್ತು, ನೋಡುವವರಿಗೂ ಗೊತ್ತು, ಆದರೆ ಯಾರೂ ಕಣ್ಣು ಮಿಟುಕಿಸುವಂತಿಲ್ಲ. ಇದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಉದಾಹರಣೆ ಇದೆ. 1964ರಲ್ಲಿ ರಸೆಲ್ ಬ್ರಾಡನ್ ಎಂಬ ಆಸ್ಟ್ರೇಲಿಯಾದ ಲೇಖಕ ಮೊಲಗಳನ್ನು ಇಟ್ಟುಕೊಂಡು ಒಂದು ವಿಡಂಬನೆಯ ಕಾದಂಬರಿ ಬರೆದರು. ಅದನ್ನು ಆಧರಿಸಿ 1972ರಲ್ಲಿ ಅಮೆರಿಕದವರು 'ನೈಟ್ ಆಫ್ ದ ಲೆಪಸ್' ಎಂಬ ಚಿತ್ರ ಮಾಡಿದರು. ದೈತ್ಯಾಕಾರವಾಗಿ ಬೆಳೆದ ಮೊಲಗಳು ಊರಿಗೆ ನುಗ್ಗಿ ಜನರನ್ನು ಕೊಲ್ಲುವ ಕಥೆ. ಕಾದಂಬರಿ ನಗಿಸಲು ಬರೆದದ್ದು, ಸಿನಿಮಾದವರು ಅದನ್ನು ನಿಜವಾಗಿ ಹೆದರಿಸಲು ಹೊರಟರು. ಸಾಕು ಮೊಲಗಳನ್ನು ಸಣ್ಣ ಸಣ್ಣ ಮನೆ, ರಸ್ತೆಗಳ ಮಾಡೆಲ್ ನಡುವೆ ಓಡಿಸಿ, ನಿಧಾನಗತಿಯಲ್ಲಿ ತೋರಿಸಿದರು. ಆದರೆ ಮೊಲ ಎಷ್ಟು ನಿಧಾನವಾಗಿ ಓಡಿದರೂ ಮೊಲವೇ. ನೋಡಿದವರು ಅಂದೂ ನಕ್ಕರು, ಇಂದೂ ನಗುತ್ತಾರೆ. ಅಲ್ಲಿ ಜನ ಸಿನಿಮಾ ಮಾಡಿದವರನ್ನು ನೋಡಿ ನಗುತ್ತಾರೆ, 'ಬ್ಲ್ಯಾಕ್ ಶೀಪ್'ನಲ್ಲಿ ಅವರ ಜೊತೆ ಸೇರಿ ನಗುತ್ತಾರೆ. ಸ್ಕಿಟ್ ಮಾಡುವವರು ಈ ವ್ಯತ್ಯಾಸವನ್ನು ಪಿನ್ ಮಾಡಿಟ್ಟುಕೊಳ್ಳಬೇಕು.

ಮೊಲ ಎಂದ ಕೂಡಲೇ ನಿಮಗೆ 'ಮುಂಗಾರು ಮಳೆ' ನೆನಪಾಗಿರಬೇಕು. ತಮಾಷೆ ನೋಡಿ, ನ್ಯೂಜಿಲೆಂಡಿನವರು ಹಸಿರು ಗುಡ್ಡದ ಮೇಲೆ ಕಚ್ಚುವ ಕುರಿ ತೋರಿಸಿದ ಅದೇ 2006ರಲ್ಲಿ ಯೋಗರಾಜ ಭಟ್ಟರು ನಮ್ಮ ಸಕಲೇಶಪುರದ ಕಡೆಯ ಹಸಿರಿನಲ್ಲಿ, ಮಳೆಯಲ್ಲಿ, ದೇವದಾಸ ಎಂಬ ಮೊಲವನ್ನು ಗಣೇಶ್ ಕೈಯಲ್ಲಿ ಕೊಟ್ಟು ಇಡೀ ಕರ್ನಾಟಕವನ್ನು ಅಳಿಸಿದರು. ಹೆಚ್ಚುಕಮ್ಮಿ ಒಂದೇ ಥರದ ಗುಡ್ಡ, ಅಷ್ಟೇ ಸಾಧು ಪ್ರಾಣಿ. ಸಾಧು ಪ್ರಾಣಿಯನ್ನು ಅಳುವುದಕ್ಕೂ ಬಳಸಬಹುದು, ನಗುವುದಕ್ಕೂ ಬಳಸಬಹುದು. ಕನ್ನಡದವರು ಹೆಚ್ಚಾಗಿ ಮೊದಲನೆಯದನ್ನೇ ಮಾಡಿದ್ದಾರೆ. ಮನುಷ್ಯರನ್ನು ತಿನ್ನುವ ಕುರಿಯ ಸಿನಿಮಾ ಕನ್ನಡದಲ್ಲಿ ನಾನಂತೂ ನೋಡಿಲ್ಲ.

ಹೆದರಿಕೆ ಮತ್ತು ನಗು ಎರಡನ್ನೂ ಬೆರೆಸುವ ಕಲೆ ಮಾತ್ರ ನಮ್ಮ ರಾಜ್ಯಕ್ಕೆ ಹೊಸದಲ್ಲ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರೆದದ್ದನ್ನು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದರೆ ಮತ್ತೆ 'ನಾಳೆ ಬಾ'. ನಮ್ಮ ಮನೆಯಲ್ಲಿ ಬಾಗಿಲ ಮೇಲೆ ಆಯತುಲ್ ಕುರ್ಸಿ ಇತ್ತು, ಆದರೂ ಪಕ್ಕದ ಮನೆಯವರು ಬರೆದುಕೊಂಡ ಮೇಲೆ ದೆವ್ವ ನೇರ ನಮ್ಮ ಮನೆಗೇ ಬರುತ್ತದೇನೋ ಎಂದು ಅಮ್ಮಿ ಚಿಕ್ಕವರಿದ್ದಾಗ ಹೆದರುತ್ತಿದ್ದರಂತೆ. ಅಕ್ಷರ ಕಲಿತ, ಹೇಳಿದ ಮಾತು ಕೇಳುವ, ಸಾಲಗಾರನ ಮನೆಯಿಂದ ಬರಿಗೈಲಿ ಹೋಗುವವನಂತೆ ಹೋಗುವ ದೆವ್ವ! ಹೆದರಿಕೆಯೊಳಗೇ ನಗು ಕೂತಿದೆ. ಇದೇ ಕಥೆಯ ಎಳೆ ಹಿಡಿದು 2018ರಲ್ಲಿ ಹಿಂದಿಯಲ್ಲಿ 'ಸ್ತ್ರೀ' ಬಂತು. ರಾಜ್ ಮತ್ತು ಡಿ.ಕೆ. ಬರೆದದ್ದು, ಅಮರ್ ಕೌಶಿಕ್ ನಿರ್ದೇಶಿಸಿದ್ದು. ಊರು ಮಧ್ಯಪ್ರದೇಶದ ಚಂದೇರಿ ಆಯಿತು, ಗೋಡೆಯ ಮೇಲಿನ ಬರಹ ಹಿಂದಿಯಾಯಿತು, ಹಣ ಮುಂಬೈಗೆ ಹೋಯಿತು. ನಮ್ಮ ಸರಕು, ಅವರ ಲಾಭ. ಇದರ ಬಗ್ಗೆ ನನಗೆ ಇನ್ನೂ ಸ್ವಲ್ಪ ಬೇಸರವಿದೆ.

ಸಾಕು ಪ್ರಾಣಿಯನ್ನು ಇಟ್ಟುಕೊಂಡು ನಗಿಸಿದ ಕನ್ನಡ ಸಿನಿಮಾ ಬೇಕೆಂದರೆ 2023ರ 'ಟಗರು ಪಲ್ಯ' ನೋಡಿ. ಉಮೇಶ್ ಕೆ. ಕೃಪ ನಿರ್ದೇಶನ, ನಿರ್ಮಾಣ ಡಾಲಿ ಧನಂಜಯ. ಹರಕೆಗೆಂದು ಒಂದು ಕುಟುಂಬ ಟಗರು ತೆಗೆದುಕೊಂಡು ದೇವರ ಸನ್ನಿಧಿಗೆ ಹೋಗುತ್ತದೆ. ನೀರು ಹಾಕಿದಾಗ ಟಗರು ಮೈ ಒದರಿದರೆ ದೇವರ ಒಪ್ಪಿಗೆ ಸಿಕ್ಕಿದಂತೆ. ಆದರೆ ಟಗರು ಒದರುವುದೇ ಇಲ್ಲ. ಅದು ಕಚ್ಚುವುದಿಲ್ಲ, ಹಾಯುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ಅದು ನಿಂತಷ್ಟು ಹೊತ್ತು ಮನುಷ್ಯರ ಒಳಜಗಳಗಳು ಒಂದೊಂದಾಗಿ ಹೊರಬರುತ್ತವೆ. ನ್ಯೂಜಿಲೆಂಡಿನ ಕುರಿ ಹಲ್ಲು ತೋರಿಸಿ ಮಾಡಿದ ಕೆಲಸವನ್ನು ನಮ್ಮ ಟಗರು ಕಿವಿಯೂ ಅಲ್ಲಾಡಿಸದೆ ಮಾಡಿತು. ನನ್ನ ಅಭಿಪ್ರಾಯದಲ್ಲಿ ಇದೇ ಹೆಚ್ಚು ಜಾಣತನದ್ದು.

ಇನ್ನು ಆನೆ. ಬೆಳಗೋಡಿನಿಂದ ಆಚೆ ಈಚೆ ಓಡಾಡುವ ನಮಗೆ ಆನೆ ಅಂದರೆ ಸಿನಿಮಾ ಅಲ್ಲ, ಫೋನಿಗೆ ಬರುವ ಮೆಸೇಜು. ಯಾವ ಎಸ್ಟೇಟಿನಲ್ಲಿ ಎಷ್ಟು ಆನೆ ಇವೆ, ಯಾವ ರಸ್ತೆಯಲ್ಲಿ ಓಡಾಡಬೇಡಿ ಎಂದು. ಸ್ಪೆಷಲ್ ಕ್ಲಾಸ್ ಮುಗಿದು ಬಸ್ ತಪ್ಪಿದರೆ ಅಬ್ಬಾ ಸ್ಟಾಪಿನಲ್ಲಿ ಟಾರ್ಚ್ ಹಿಡಿದು ನಿಂತಿರುತ್ತಾರೆ. ಕೂಲಿ ಕೆಲಸಕ್ಕೆ ಬೆಳಗ್ಗೆ ಮಂಜಿನಲ್ಲಿ ಹೋಗುವವರಿಗೆ ಟಾರ್ಚೂ ಇರುವುದಿಲ್ಲ. 2014ರಲ್ಲಿ ಆಲೂರು, ಸಕಲೇಶಪುರ ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ್ದರು. ಆಮೇಲೂ ಬಂದವು, ಬರುತ್ತಿವೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ತಂದಿದ್ದ ಅರ್ಜುನ, ಮೈಸೂರು ದಸರಾದಲ್ಲಿ 8 ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ, ಮದವೇರಿದ ಕಾಡಾನೆಯ ಜೊತೆ ಕಾದಾಡಿ ಸತ್ತ. ಅವತ್ತು ನಮ್ಮ ಊರಿನಲ್ಲಿ ಆನೆಯಿಂದ ಬೆಳೆ ಕಳೆದುಕೊಂಡವರೂ ಆನೆಗಾಗಿ ಅತ್ತರು. ಇದನ್ನು ಸೆಲ್ಫಿ ತೆಗೆಯುವ ಆನೆಯ ಕಥೆಯೊಳಗೆ ಹೇಗೆ ಹಿಡಿಸುವುದು?

ನನಗೆ ತೋರಿದ್ದು ಇಷ್ಟು. ಕೊಲ್ಲುವ ಕುರಿ ನಗಿಸುವುದು ಅದು ಕೊಲ್ಲುವುದಿಲ್ಲ ಎಂದು ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತಿರುವುದರಿಂದ. ಒಬ್ಬರಿಗೆ ಗೊತ್ತಿಲ್ಲದಿದ್ದರೂ ಅಥವಾ ಒಬ್ಬರ ಮನೆಯಲ್ಲಿ ಬೇರೆಯದೇ ಆಗಿದ್ದರೂ ಜೋಕು ಅಲ್ಲೇ ನಿಲ್ಲುತ್ತದೆ. ಚಾಚಾ ಆಟೋ ಹತ್ತುವುದು ತಡವಾಗಿ ಪಕ್ಕೆಲುಬು ಮುರಿದಿದ್ದರೆ ನಾನು ಆ ಕಥೆಯನ್ನು ಇಲ್ಲಿ ಬರೆಯುತ್ತಿರಲಿಲ್ಲ. ಸಿನಿಮಾದ ಹೆನ್ರಿಯನ್ನೇ ನೋಡಿ. ಕುರಿ ಕಂಡು ಹೆದರುವ ಅವನನ್ನು ನೋಡಿ ನಾವು ನಗುತ್ತೇವೆ, ಆದರೆ ಅವನ ಹೆದರಿಕೆ ಹುಟ್ಟಿದ್ದು ಅಪ್ಪ ಸತ್ತ ದಿನ. ಆ ದೃಶ್ಯವನ್ನು ನಿರ್ದೇಶಕರು ಸಿನಿಮಾದ ಮೊದಲಿಗೇ ಇಟ್ಟು ಮುಗಿಸಿದ್ದಾರೆ. ಆಮೇಲೆ ನಗುವಾಗ ಅದು ನಮಗೆ ಮರೆತಿರುತ್ತದೆ, ಹೆನ್ರಿಗೆ ಮರೆತಿರುವುದಿಲ್ಲ.

ಸ್ಕಿಟ್ ಈಗ ಹೀಗಿದೆ. ಸಂತೆಗೆ ಹೊರಟ ಕುರಿಗಳು ದಾರಿಯಲ್ಲಿ ಯೂನಿಯನ್ ಕಟ್ಟುತ್ತವೆ, ವ್ಯಾಪಾರಿ ಬೆಲೆ ಹೇಳಿದಾಗಲೆಲ್ಲ ಒಂದೊಂದು ಕುರಿ ಅವನನ್ನು ಕಚ್ಚುತ್ತದೆ, ಕಚ್ಚಿಸಿಕೊಂಡವನು ಬ್ಯಾ ಎನ್ನುತ್ತಾ ಬ್ಯಾಲೆನ್ಸ್ ಶೀಟ್ ಓದಲು ಶುರು ಮಾಡುತ್ತಾನೆ. ಕೆಂಪು ಬಣ್ಣ ಬೇಡ ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ, ನಾವೂ ಒಪ್ಪಿದ್ದೇವೆ. ರಿಹರ್ಸಲ್‌ನಲ್ಲಿ ಯಾರೂ ನಗುವಂತಿಲ್ಲ ಎಂಬುದೇ ದೊಡ್ಡ ಕಷ್ಟ, ಇದುವರೆಗೆ ಒಂದು ಸಲವೂ ಪೂರ್ತಿ ಮುಗಿಸಲು ಆಗಿಲ್ಲ. ಕುರಿಗಳ ಲೀಡರ್ ಪಾರ್ಟನ್ನು ಯಸಳೂರು ಕಡೆಯಿಂದ ಬರುವ ಅವಳೇ ಕೇಳಿ ತೆಗೆದುಕೊಂಡಿದ್ದಾಳೆ. ನಮ್ಮೆಲ್ಲರಿಗಿಂತ ಚೆನ್ನಾಗಿ ಮುಖ ಬಿಗಿ ಹಿಡಿಯುವುದು ಅವಳೇ. ನಾಲ್ಕು ಕುರಿಗಳಿಗೆ ಸಾಕಾಗುವಷ್ಟು ಹತ್ತಿ ದಿಂಬಿನಿಂದ ಬಿಚ್ಚಿದ್ದಾಗಿದೆ, ಇನ್ನು ಮೂರು ಕುರಿ ಬರಿ ಮೈಯಲ್ಲಿವೆ. ಯಾರ ಮನೆಯಲ್ಲಾದರೂ ಹಳೆಯ ಬಿಳಿ ಕಂಬಳಿ ಇದ್ದರೆ ಕಾಮರ್ಸ್ ವಿಭಾಗಕ್ಕೆ ತಂದುಕೊಡಿ. ಕಾರ್ಯಕ್ರಮ ಮುಗಿದ ಮೇಲೆ ಒಗೆದು ವಾಪಸ್ ಕೊಡುತ್ತೇವೆ.